ಧಾರಾವಾಹಿಯಲ್ಲಿ ಕೈ ಮುರಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಮೂಳೆ ವಿಭಾಗದ ಪಕ್ಕದ ಫಿಸಿಯೋಥೆರಪಿ ಕೋಣೆಯಲ್ಲಿ ನನ್ನ ಕೆಲಸ. ಪ್ಲಾಸ್ಟರ್ ಬಿಚ್ಚಿಸಿಕೊಂಡವರು, ಪ್ಲೇಟ್ ಹಾಕಿಸಿಕೊಂಡವರು, ಮೊಣಕೈ ಮಡಚೋಕೆ ಆಗದವರು ದಿನಾ ಬರುತ್ತಾರೆ. ವ್ಯಾಯಾಮ ಮಾಡಿಸುವಾಗ ಮಾತು ಸಂಜೆಯ ಧಾರಾವಾಹಿ ಕಡೆ ತಿರುಗುತ್ತದೆ. "ಅದರಲ್ಲಿ ಎಂಟೇ ದಿನಕ್ಕೆ ಬಿಚ್ಚಿಬಿಟ್ರಲ್ಲ ಮೇಡಂ, ನಂಗ್ಯಾಕೆ ಆರು ವಾರ?" ಈ ಪ್ರಶ್ನೆಗೆ ನಗುತ್ತಾ ಉತ್ತರ ಕೊಟ್ಟು ಮುಗಿಸಬಹುದು. ಆದರೆ ಅದನ್ನೇ ನಂಬಿ ಮನೆಯಲ್ಲಿ ಕತ್ತರಿ ಹಿಡಿದು ಕೂರುವವರಿದ್ದಾರೆ. ಹಾಗಾಗಿ ರೋಗಿಗಳು, ಅವರ ಮನೆಯವರು, ಕಥೆ ಬರೆಯುವ ಗೆಳೆಯರು ಕೇಳಿದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಯಾವ ಧಾರಾವಾಹಿಯ ಹೆಸರನ್ನೂ ಹೇಳಿಲ್ಲ, ಏಕೆಂದರೆ ಈ ದೃಶ್ಯಗಳು ಎಲ್ಲದರಲ್ಲೂ ಬಂದು ಹೋಗುತ್ತವೆ. ನಿಮ್ಮದೇ ಕೈಗೆ ಪೆಟ್ಟಾಗಿದ್ದರೆ, ಕೈ ನೋಡಿದ ಡಾಕ್ಟರ್ ಹೇಳಿದ್ದನ್ನೇ ಕೇಳಿ.

ಒಟ್ಟಿನಲ್ಲಿ ಧಾರಾವಾಹಿಯ ಕೈ ಮುರಿತ ಎಷ್ಟು ಸರಿ ಇರುತ್ತದೆ?

ಬೀಳುವುದನ್ನು ಸರಿಯಾಗಿಯೇ ತೋರಿಸುತ್ತಾರೆ. ನೆಲದ ಮೇಲೆ ಯಾರೋ ಎಣ್ಣೆ ಚೆಲ್ಲಿರುತ್ತಾರೆ, ಸೊಸೆ ಜಾರುತ್ತಾಳೆ, ಅಂಗೈ ಊರಿ ಬೀಳುತ್ತಾಳೆ. ನಿಜ ಜೀವನದಲ್ಲೂ ಮಣಿಕಟ್ಟು ಮುರಿಯುವುದು ಹೆಚ್ಚಾಗಿ ಹೀಗೇ. ಮೈಯ ಭಾರವೆಲ್ಲ ಊರಿದ ಅಂಗೈ ಮೇಲೆ ಬಂದು, ಮಣಿಕಟ್ಟಿನ ಮೇಲ್ಭಾಗದಲ್ಲಿ ಹೆಬ್ಬೆರಳ ಕಡೆಯ ಮೂಳೆ ಮುರಿಯುತ್ತದೆ. ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ ಇದನ್ನು 1814ರಲ್ಲೇ ವಿವರಿಸಿ ಬರೆದಿದ್ದರು. ಆಗ ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ, ಕಣ್ಣಲ್ಲಿ ನೋಡಿ ಕೈಯಲ್ಲಿ ಮುಟ್ಟಿ ತಿಳಿದದ್ದು. ಇವತ್ತಿಗೂ ಆ ಮುರಿತಕ್ಕೆ ಅವರದೇ ಹೆಸರು.

ತಪ್ಪು ಶುರುವಾಗುವುದು ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ. ಎಕ್ಸ್‌ರೇ ಉಲ್ಟಾ ಹಿಡಿಯುವುದು, ಎಡಗೈ ಪಟ್ಟಿ ಬಲಗೈಗೆ ಹೋಗುವುದು, ಇವೆಲ್ಲ ನೋಡುವವರ ಕಣ್ಣಿಗೆ ಬೇಗ ಬೀಳುತ್ತವೆ. ಇವುಗಳಿಂದ ಯಾರಿಗೂ ತೊಂದರೆ ಇಲ್ಲ. ನನಗೆ ಬೇಜಾರಾಗುವುದು ಎರಡೇ ವಿಷಯಕ್ಕೆ. ಪಟ್ಟಿ ಹಾಕಿದ ಮೇಲೆ ಯಾರೂ ಬೆರಳು ನೋಡುವುದಿಲ್ಲ. ಮತ್ತೆ ಯಾರೂ ವಾರ ಎಣಿಸುವುದಿಲ್ಲ. ಈ ಎರಡು ಸರಿ ಇದ್ದರೆ ಮಿಕ್ಕಿದ್ದು ಹೇಗಿದ್ದರೂ ನಡೆಯುತ್ತದೆ.

"ಬೆರಳು ಆಡಿಸು ನೋಡೋಣ. ಹಾಂ, ಆಡ್ತಿದೆ, ಮುರಿದಿಲ್ಲ ಬಿಡು!" ಇದು ಸರಿಯಾದ ಪರೀಕ್ಷೆಯಾ?

ಅಲ್ಲ. ಮುಂಗೈ ಮೂಳೆ ಎರಡೂ ಮುರಿದವರೂ ಬೆರಳು ಆಡಿಸಬಲ್ಲರು. ಬೆರಳನ್ನು ಆಡಿಸುವುದು ಸ್ನಾಯು ಮತ್ತು ನರ. ಅವು ಚೆನ್ನಾಗಿದ್ದರೆ ಮೂಳೆ ಮುರಿದಿದ್ದರೂ ಬೆರಳು ಆಡುತ್ತದೆ. ಮುರಿತದ ಗುರುತು ಬೇರೆ: ಒಂದೇ ಜಾಗದಲ್ಲಿ ಒತ್ತಿದರೆ ತಡೆಯಲಾಗದ ನೋವು, ಬೇಗ ಏರುವ ಊತ, ಕೈ ಸೊಟ್ಟಗೆ ಕಾಣುವುದು, ಆ ಕೈಯಲ್ಲಿ ಲೋಟ ಎತ್ತೋಕೂ ಆಗದಿರುವುದು. ಹಾಗೆ ಬೀಳುತ್ತಿದ್ದಂತೆ ಜನ "ಏರ್ ಕ್ರ್ಯಾಕ್ ಆಗಿದೆ ಅಷ್ಟೇ" ಅನ್ನುವುದೂ ಇದೆ. ಕೂದಲೆಳೆ ಬಿರುಕೂ ಮುರಿತವೇ. ಅದಕ್ಕೂ ಆರೈಕೆ ಬೇಕು.

ಬೆರಳು ಆಡಿಸಿ ನೋಡುವುದರಿಂದ ಬೇರೆಯದೇ ಉಪಯೋಗ ಇದೆ. ಅದನ್ನು ಮುಂದೆ ಬೆರಳಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಬಿದ್ದವಳನ್ನು ನಾಯಕ ಕೈ ಹಿಡಿದು ಎಳೆದು ಎಬ್ಬಿಸುತ್ತಾನೆ. ಆ ಹೊತ್ತಿಗೆ ನಿಜವಾಗಿ ಏನು ಮಾಡಬೇಕು?

ಪೆಟ್ಟಾದ ಕೈ ಬಿಟ್ಟು, ಬೆನ್ನಿಗೆ ಮತ್ತು ಇನ್ನೊಂದು ಕಡೆಯ ಕಂಕುಳಿಗೆ ಆಸರೆ ಕೊಟ್ಟು ಎಬ್ಬಿಸಬೇಕು. ಪೆಟ್ಟಾದ ಕೈ ಹೇಗಿದೆಯೋ ಹಾಗೇ ಇರಲಿ, ಅದನ್ನು ನೆಟ್ಟಗೆ ಮಾಡೋಕೆ ಹೋಗಬಾರದು. ಸುತ್ತಿದ ದಿನಪತ್ರಿಕೆ, ಮಕ್ಕಳ ಮರದ ಸ್ಕೇಲು, ದಪ್ಪ ರಟ್ಟು, ಏನು ಸಿಕ್ಕಿದರೂ ಆಸರೆಗೆ ಸಾಕು. ಅದನ್ನು ಟವೆಲ್ ಅಥವಾ ದುಪಟ್ಟಾದಲ್ಲಿ ಸಡಿಲವಾಗಿ ಕಟ್ಟಿ, ಇನ್ನೊಂದು ಬಟ್ಟೆಯಲ್ಲಿ ಕತ್ತಿಗೆ ಜೋಳಿಗೆ ಕಟ್ಟಿದರೆ ಆಸ್ಪತ್ರೆ ತನಕ ಆಯಿತು. ಕೆಲವು ಧಾರಾವಾಹಿಗಳಲ್ಲಿ ನಾಯಕಿ ಸೆರಗು ಹರಿದು ಕೈ ಕಟ್ಟುವ ದೃಶ್ಯ ಬರುತ್ತದೆ. ಜನ ಅದನ್ನು ಅತಿ ಅನ್ನುತ್ತಾರೆ, ನನಗಂತೂ ಅದು ಇಡೀ ಎಪಿಸೋಡಿನಲ್ಲಿ ಅತ್ಯಂತ ಸರಿಯಾದ ಚಿಕಿತ್ಸೆ ಅನಿಸುತ್ತದೆ.

ಒಂದು ಕೆಲಸ ಮಾತ್ರ ಯಾರೂ ತೋರಿಸುವುದಿಲ್ಲ. ಬಳೆ ಮತ್ತು ಉಂಗುರ ತೆಗೆಯುವುದು. ಮುರಿದ ಕೈ ಊದಿಕೊಳ್ಳುತ್ತಾ ಹೋಗುತ್ತದೆ. ಬಿದ್ದ ಕೂಡಲೇ ಸೋಪು ಹಚ್ಚಿದರೆ ಸಲೀಸಾಗಿ ಬರುವ ಬಳೆ, ಎರಡು ಗಂಟೆ ಬಿಟ್ಟರೆ ಮಾಂಸದೊಳಗೆ ಕೂತಿರುತ್ತದೆ. ಆಮೇಲೆ ಚಿನ್ನದ ಬಳೆಯನ್ನೂ ಕತ್ತರಿಸಬೇಕಾಗುತ್ತದೆ. ಉಂಗುರ ಇನ್ನೂ ಕಷ್ಟ, ಬೆರಳಿನ ರಕ್ತ ಸಂಚಾರವನ್ನೇ ತಡೆಯುತ್ತದೆ. ಧಾರಾವಾಹಿಯಲ್ಲಿ ಪ್ಲಾಸ್ಟರಿನ ಅಂಚಿನಿಂದ ಹಸಿರು ಗಾಜಿನ ಬಳೆ ಇಣುಕುವುದನ್ನು ನೋಡಿದಾಗ ನನಗೆ ಕಥೆ ಮರೆತುಹೋಗುತ್ತದೆ, ಬಳೆಯೇ ಕಾಣುತ್ತಿರುತ್ತದೆ.

ಅಪಘಾತವಾದರೆ "ಪೊಲೀಸ್ ಬರೋವರೆಗೂ ಮುಟ್ಟಲ್ಲ" ಅಂತ ಡಾಕ್ಟರ್ ಹೇಳುತ್ತಾರೆ. ಕಾನೂನು ಹಾಗೇ ಇದೆಯಾ?

ಇಲ್ಲ. ತುರ್ತು ಚಿಕಿತ್ಸೆ ಮೊದಲು, ಕಾಗದ ಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿದೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಡಾಕ್ಟರಿಗೂ ಅದು ಅನ್ವಯ. ಅಪಘಾತ ಅಥವಾ ಹೊಡೆದಾಟದ ಕೇಸಾದರೆ ಆಸ್ಪತ್ರೆಯವರೇ ಪೊಲೀಸರಿಗೆ ತಿಳಿಸುತ್ತಾರೆ, ಅದಕ್ಕೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಮಾಡುವುದು ಅನ್ನುತ್ತಾರೆ. ಕರೆತಂದವರಿಗೂ ರಕ್ಷಣೆ ಇದೆ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ, ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರನ್ನು ಕೇಸಿಗೆ ಎಳೆಯಬಾರದು ಅಂತ ಸೇರಿಸಲಾಗಿದೆ. ಈ ಒಂದು ವಿಷಯದಲ್ಲಿ ಕಥೆ ಬರೆಯುವವರಿಗೆ ನಾನು ಕೈ ಮುಗಿದು ಕೇಳುತ್ತೇನೆ: ಆ ಹಳೇ ಡೈಲಾಗ್ ಬಿಟ್ಟುಬಿಡಿ. ಅದನ್ನು ಕೇಳಿ ಕೇಳಿಯೇ ಜನ ರಸ್ತೆಯಲ್ಲಿ ಬಿದ್ದವರನ್ನು ಮುಟ್ಟೋಕೆ ಹೆದರುತ್ತಾರೆ.

ಕೈ ಮುರಿದವರಿಗೆ ಆಕ್ಸಿಜನ್ ಮಾಸ್ಕ್, ಬೀಪ್ ಬೀಪ್ ಅನ್ನುವ ಮೆಷಿನ್ ಯಾಕೆ?

ಬರೀ ಕೈ ಮುರಿತಕ್ಕೆ ಬೇಡ. ತಲೆಗೋ ಎದೆಗೋ ಪೆಟ್ಟಾಗಿದ್ದರೆ ಬೇಕಾಗಬಹುದು. ಹೆಚ್ಚಿನ ಕೈ ಮುರಿತದವರು ಹೊರರೋಗಿ ವಿಭಾಗದ ಬೆಂಚಿನ ಮೇಲೆ, ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು, ಎಕ್ಸ್‌ರೇ ಚೀಟಿಗೆ ಕಾಯುತ್ತಾ ಕೂತಿರುತ್ತಾರೆ. ಬೆಂಗಳೂರಿನ ಜಯನಗರದ ಸಂಜಯ ಗಾಂಧಿ ಆಸ್ಪತ್ರೆಯಂಥ ದೊಡ್ಡ ಮೂಳೆ ಆಸ್ಪತ್ರೆಗೆ ಒಂದು ಬೆಳಿಗ್ಗೆ ಹೋದರೆ ಆ ಸಾಲು ಕಾಣುತ್ತದೆ. ನಟರು ಯಾರಾದರೂ ಆ ಕೂರುವ ರೀತಿ, ಆ ಹಿಡಿಯುವ ರೀತಿ ನೋಡಿಕೊಂಡು ಬಂದರೆ ಮೆಷಿನ್ ಬಾಡಿಗೆ ಉಳಿಯುತ್ತದೆ.

ಎಕ್ಸ್‌ರೇ ದೃಶ್ಯಗಳಲ್ಲಿ ಏನು ತಪ್ಪಿರುತ್ತದೆ?

ಎಷ್ಟೋ ಸಲ ಕೈ ಮುರಿದವಳ ಹಣೆಬರಹವನ್ನು ಡಾಕ್ಟರ್ ಎದೆಯ ಎಕ್ಸ್‌ರೇ ನೋಡಿ ಹೇಳುತ್ತಿರುತ್ತಾರೆ. ಅದು ಪ್ರಾಪ್ ಸಿಗದ ಸಮಸ್ಯೆ. ನಿಜವಾದ ಕ್ರಮ ಹೀಗಿದೆ. ಒಂದೇ ಎಕ್ಸ್‌ರೇ ಸಾಲದು, ಎದುರಿನಿಂದ ಒಂದು, ಪಕ್ಕದಿಂದ ಒಂದು ಬೇಕು. ಎದುರಿನಿಂದ ನೆಟ್ಟಗೆ ಕಾಣುವ ಮೂಳೆ ಪಕ್ಕದಿಂದ ನೋಡಿದರೆ ಪೂರ್ತಿ ಜರುಗಿರಬಹುದು. ಮುರಿದ ಜಾಗದ ಮೇಲಿನ ಕೀಲು ಮತ್ತು ಕೆಳಗಿನ ಕೀಲು ಎರಡೂ ಕಾಣಬೇಕು, ಏಕೆಂದರೆ ಮುಂಗೈಯ ಒಂದು ಮೂಳೆ ಮುರಿದಾಗ ಇನ್ನೊಂದರ ಕೀಲು ಜಾರಿರುವುದುಂಟು. ಕಟ್ಟು ಹಾಕಿದ ಮೇಲೆ ಮತ್ತೊಮ್ಮೆ ಎಕ್ಸ್‌ರೇ, ಒಂದು ವಾರ ಬಿಟ್ಟು ಇನ್ನೊಮ್ಮೆ. ಊತ ಇಳಿದಾಗ ಕಟ್ಟು ಸಡಿಲವಾಗಿ ಮೂಳೆ ಮತ್ತೆ ಜರುಗಬಹುದು ಅಂತ ಈ ಎಚ್ಚರಿಕೆ.

"ಕಟಕ್" ಅಂತ ಎಳೆದು ಕೂರಿಸುತ್ತಾರಲ್ಲ, ಅದು ನಿಜವೇ?

ಜರುಗಿದ ಮೂಳೆಯನ್ನು ಎಳೆದು ಸರಿಯಾದ ಜಾಗಕ್ಕೆ ತರುವುದು ನಿಜ. ಆದರೆ ಹಾಗೆ ಮಾಡುವ ಮುಂಚೆ ನೋವು ಕಳೆಯಬೇಕು. ಮುರಿದ ಜಾಗಕ್ಕೇ ಮರಗಟ್ಟುವ ಇಂಜೆಕ್ಷನ್ ಕೊಡಬಹುದು, ಕುತ್ತಿಗೆ ಬುಡದಲ್ಲಿ ಇಡೀ ಕೈಯ ನರಗಳಿಗೆ ಕೊಡಬಹುದು, ಇಲ್ಲವೇ ಸ್ವಲ್ಪ ಹೊತ್ತು ನಿದ್ದೆ ಬರಿಸಬಹುದು. ಒಂದೇ ಸಲ ಜಗ್ಗುವುದಲ್ಲ. ಒಬ್ಬರು ಮೊಣಕೈ ಹತ್ತಿರ ಗಟ್ಟಿಯಾಗಿ ಹಿಡಿದಿರುತ್ತಾರೆ, ಇನ್ನೊಬ್ಬರು ಕೈಯನ್ನು ನಿಧಾನವಾಗಿ, ಕೆಲವು ನಿಮಿಷ ಬಿಡದೆ ಎಳೆಯುತ್ತಾರೆ. ಬಿಗಿದುಕೊಂಡ ಸ್ನಾಯು ಸಡಿಲ ಆದ ಮೇಲೆ ಮೂಳೆ ಜಾಗಕ್ಕೆ ಬರುತ್ತದೆ. ನಾಯಕನ ಬಾಯಿಗೆ ಬಟ್ಟೆ ತುರುಕಿ, ಎಳೆದು, ಅವನು ಕಿರುಚುವ ದೃಶ್ಯ ಕಾಡಿನ ಮಧ್ಯೆ ನಡೆದರೂ ಬೇಡ. ಅಡ್ಡಾದಿಡ್ಡಿ ಎಳೆದರೆ ಮೂಳೆಯ ಚೂಪು ತುದಿ ರಕ್ತನಾಳಕ್ಕೆ ಚುಚ್ಚಬಹುದು.

ಧಾರಾವಾಹಿಯಲ್ಲಿ ಬರೀ ಬಟ್ಟೆ ಬ್ಯಾಂಡೇಜ್ ಸುತ್ತಿರುತ್ತಾರೆ. ಅದು ಪ್ಲಾಸ್ಟರೇ ಅಲ್ಲ, ಅಲ್ವಾ?

ಇಲ್ಲಿ ನಾನು ಧಾರಾವಾಹಿಯವರ ಪರ ಸ್ವಲ್ಪ ನಿಲ್ಲುತ್ತೇನೆ. ಮೊದಲ ದಿನ ಪೂರ್ತಿ ಸುತ್ತಿನ ಸಿಮೆಂಟ್ ಕಟ್ಟು ಹಾಕುವುದು ಕಡಿಮೆ. ಊತ ಏರುವ ಸಮಯ ಅದು, ಸುತ್ತಲೂ ಗಟ್ಟಿ ಕಟ್ಟು ಇದ್ದರೆ ಊದೋಕೆ ಜಾಗ ಇರುವುದಿಲ್ಲ. ಹಾಗಾಗಿ ಒಂದು ಕಡೆ ಮಾತ್ರ ಗಟ್ಟಿ ಇರುವ ಸ್ಲ್ಯಾಬ್ ಇಟ್ಟು ಮೇಲೆ ಬಟ್ಟೆ ಪಟ್ಟಿ ಸುತ್ತುತ್ತಾರೆ. ಹೊರಗಿನಿಂದ ಅದು ಬರೀ ಬ್ಯಾಂಡೇಜಿನ ಹಾಗೇ ಕಾಣುತ್ತದೆ. ಒಂದು ವಾರ, ಹತ್ತು ದಿನ ಕಳೆದು ಊತ ಇಳಿದ ಮೇಲೆ ಪೂರ್ತಿ ಕಟ್ಟು. ಕೆಲವು ಮುರಿತಗಳಿಗೆ ಕೊನೆವರೆಗೂ ಸ್ಲ್ಯಾಬೇ ಸಾಕು.

ಆದರೆ ಒಳಗೆ ಸ್ಲ್ಯಾಬ್ ಇದ್ದರೆ ಮಣಿಕಟ್ಟು ಮಡಚೋಕೆ ಆಗುವುದಿಲ್ಲ. ನಟಿ ಆ ಕೈಯಲ್ಲೇ ಕಣ್ಣೀರು ಒರೆಸಿಕೊಂಡಾಗ, ಮಣಿಕಟ್ಟು ಬಾಗಿದಾಗ, ಒಳಗೆ ಏನೂ ಇಲ್ಲ ಅಂತ ಗೊತ್ತಾಗುತ್ತದೆ. ಒಂದು ಅಗಲದ ಸ್ಕೇಲ್ ಇಟ್ಟು ಸುತ್ತಿದ್ದರೂ ಆ ದೃಶ್ಯ ನಿಜ ಅನಿಸುತ್ತಿತ್ತು.

ಪ್ಲಾಸ್ಟರ್ ಕಟ್ಟುವುದನ್ನು ಪೂರ್ತಿ ತೋರಿಸಿದ ಧಾರಾವಾಹಿಯನ್ನು ನಾನು ನೋಡಿಲ್ಲ. ನೋಡಲು ಎಷ್ಟು ಚೆನ್ನಾಗಿರುತ್ತದೆ ಗೊತ್ತಾ! ಮೊದಲು ಚರ್ಮದ ಮೇಲೆ ಮೆತ್ತನೆ ಹತ್ತಿ ಸುತ್ತುತ್ತಾರೆ, ಮೂಳೆ ಎದ್ದು ಕಾಣುವ ಕಡೆ ಇನ್ನೊಂದು ಸುತ್ತು ಜಾಸ್ತಿ. ಪ್ಲಾಸ್ಟರ್ ಸುರುಳಿಯನ್ನು ಬಕೆಟ್ ನೀರಿಗೆ ಬಿಟ್ಟರೆ ಬುಳುಬುಳು ಗುಳ್ಳೆ ಏಳುತ್ತದೆ. ಗುಳ್ಳೆ ನಿಂತಾಗ ಎತ್ತಿ, ಎರಡೂ ತುದಿ ಹಿಡಿದು ಹಗುರವಾಗಿ ಹಿಂಡುತ್ತಾರೆ. ಸುತ್ತಿ ಸವರುವಾಗ ಅಂಗೈ ಮಾತ್ರ ಬಳಸುತ್ತಾರೆ, ಬೆರಳ ತುದಿ ತಾಗಿಸುವುದಿಲ್ಲ. ಬೆರಳು ಒತ್ತಿದ ಗುಳಿ ಹಾಗೇ ಗಟ್ಟಿಯಾಗಿ, ಒಳಗಿನ ಚರ್ಮಕ್ಕೆ ಒತ್ತಿ ಹುಣ್ಣು ಮಾಡುತ್ತದೆ. ಗಟ್ಟಿಯಾಗುವಾಗ ಅದು ಬೆಚ್ಚಗಾಗುತ್ತದೆ, ಮಕ್ಕಳು ಬೆಚ್ಚಿ ನೋಡುತ್ತಾರೆ. ಕೆಲವೇ ನಿಮಿಷಕ್ಕೆ ಗಟ್ಟಿಯಾದರೂ ಪೂರ್ತಿ ಒಣಗೋಕೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಮೇಜಿನ ಅಂಚಿಗೆ ಊರುವ ಹಾಗಿಲ್ಲ. ಈಗ ಬಣ್ಣ ಬಣ್ಣದ ಫೈಬರ್ ಕಟ್ಟು ಬಂದಿದೆ. ಹಗುರ, ಬೇಗ ಗಟ್ಟಿ, ದುಡ್ಡು ಜಾಸ್ತಿ. ಹೊರಗಿನ ಫೈಬರ್ ನೀರಿಗೆ ಹೆದರುವುದಿಲ್ಲ ನಿಜ, ಒಳಗಿನ ಹತ್ತಿ ನೆನೆಯುತ್ತದೆ. ಹಾಗಾಗಿ ಅದನ್ನು ಹಾಕಿಕೊಂಡು ಮಳೆಯಲ್ಲಿ ಹಾಡೋದು ಬೇಡ.

ಕಟ್ಟು ಎಲ್ಲಿಂದ ಎಲ್ಲಿಯವರೆಗೆ ಇರಬೇಕು?

ಯಾವ ಮೂಳೆ ಅನ್ನುವುದರ ಮೇಲೆ. ಮುಂಗೈ ನಡುವೆ ಮುರಿದಿದ್ದರೆ ಮೊಣಕೈ ಮೇಲಿನಿಂದ ಅಂಗೈವರೆಗೆ, ಮೊಣಕೈ ಲಂಬಕೋನದಲ್ಲಿ ಮಡಚಿರಬೇಕು. ಮಣಿಕಟ್ಟಿನ ಮುರಿತಕ್ಕೆ ಎಷ್ಟೋ ಸಲ ಮೊಣಕೈ ಕೆಳಗಿನಿಂದ ಸಾಕು. ರಟ್ಟೆ ಮೂಳೆ ಮುರಿದರೆ ಮುಂಗೈಗೆ ಸುತ್ತಿ ಏನೂ ಉಪಯೋಗವಿಲ್ಲ, ಧಾರಾವಾಹಿಯಲ್ಲಿ ಮಾತ್ರ ಎಲ್ಲಕ್ಕೂ ಮುಂಗೈಗೇ ಸುತ್ತುತ್ತಾರೆ. ಯಾವ ಕಟ್ಟಾದರೂ ಬೆರಳುಗಳು ಬುಡದಿಂದ ಹೊರಗೆ ಇರಬೇಕು. ಮುಷ್ಟಿ ಕಟ್ಟೋಕೆ ಆಗಬೇಕು. ಐದೂ ಬೆರಳು ಮುಚ್ಚಿ ಸುತ್ತಿದ ಬಿಳಿ ಉಂಡೆ ನೋಡಿದರೆ ನನಗೆ ಎದ್ದು ಹೋಗಿ ಬಿಚ್ಚೋಣ ಅನಿಸುತ್ತದೆ.

ಬೆರಳು ನೋಡಬೇಕು ಅಂತ ಅಷ್ಟೊಂದು ಯಾಕೆ ಹೇಳುತ್ತೀರಿ?

ಕೈ ಮುರಿದವರು ಕೈಯನ್ನೇ ಕಳೆದುಕೊಳ್ಳುವ ಅಪಾಯ ಇಲ್ಲೇ ಇರುವುದು. ಮುಂಗೈ ಸ್ನಾಯುಗಳ ಸುತ್ತ ಹಿಗ್ಗದ ಗಟ್ಟಿ ಹೊದಿಕೆ ಇದೆ. ಮುರಿದಾಗ ಒಳಗೆ ರಕ್ತ, ಊತ ತುಂಬಿಕೊಂಡು ಒತ್ತಡ ಏರುತ್ತದೆ. ಮೇಲೆ ಬಿಗಿ ಕಟ್ಟೂ ಇದ್ದರೆ ಕೇಳುವುದೇ ಬೇಡ. ಒತ್ತಡ ಒಂದು ಮಟ್ಟ ಮೀರಿದರೆ ಸ್ನಾಯುವಿಗೆ ರಕ್ತ ಹೋಗುವುದಿಲ್ಲ. ಕೆಲವು ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಆಮೇಲೆ ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಮಡಚಿಕೊಂಡು ಜೀವನಪೂರ್ತಿ ಹಾಗೇ ಉಳಿಯುತ್ತವೆ. ಜರ್ಮನಿಯ ವೈದ್ಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿದರು. ಈಗಲೂ ಇಂಥ ಕೈ ನಮ್ಮ ಕೋಣೆಗೆ ಬರುತ್ತದೆ. ಬಂದಾಗ ವ್ಯಾಯಾಮದಿಂದ ನಾನು ಮಾಡಬಹುದಾದದ್ದು ತೀರಾ ಸ್ವಲ್ಪ. ಹತ್ತು ವರ್ಷದ ಮಗು ಪೆನ್ಸಿಲ್ ಹಿಡಿಯೋಕೆ ಪ್ರಯತ್ನ ಪಡುವುದನ್ನು ಎದುರು ಕೂತು ನೋಡಬೇಕು.

ಗುರುತು ಹಿಡಿಯುವುದು ಕಷ್ಟವಲ್ಲ. ಕಟ್ಟು ಹಾಕಿದ ಮೇಲೆ ನೋವು ಇಳಿಯುವ ಬದಲು ಏರುತ್ತಾ ಹೋಗುತ್ತದೆ. ಮಾತ್ರೆಗೂ ಬಗ್ಗುವುದಿಲ್ಲ. ಬೇರೆಯವರು ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ಮುಂಗೈಯಲ್ಲಿ ಜೀವ ಹೋಗುವ ನೋವು. ಜೋಮು ಹಿಡಿಯುತ್ತದೆ. ಬೆರಳು ತಣ್ಣಗೆ, ಬಿಳಿಚಿಕೊಂಡು ಅಥವಾ ನೀಲಿ ಆಗಬಹುದು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು, ಮರಳದಿದ್ದರೆ ತೊಂದರೆ. ಆದರೆ ಬಣ್ಣ ಬದಲಾಗುವವರೆಗೆ ಕಾಯಬೇಡಿ, ಅದು ತಡವಾಗಿ ಬರುವ ಲಕ್ಷಣ. ಮೊದಲು ಬರುವುದು ನೋವು. ಇಂಥ ನೋವಿದ್ದರೆ ಬೆಳಗಾಗಲಿ ಅನ್ನದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿದರೂ ಸರಿ. ಅಲ್ಲಿ ಮೊದಲು ಕಟ್ಟನ್ನು ಒಳಗಿನ ಹತ್ತಿ ಸಮೇತ ಚರ್ಮ ಕಾಣುವವರೆಗೆ ಸೀಳುತ್ತಾರೆ. ಅದಕ್ಕೂ ಇಳಿಯದಿದ್ದರೆ ಆಪರೇಷನ್ ಮಾಡಿ ಸ್ನಾಯುವಿನ ಹೊದಿಕೆ ತೆರೆಯುತ್ತಾರೆ.

ಕಥೆ ಬರೆಯುವವರು ಯೋಚನೆ ಮಾಡಿ. ಸಲೈನ್ ಬಾಟಲಿಗೆ ವಿಷ ಬೆರೆಸುವ ದೃಶ್ಯ ಎಷ್ಟು ಸಲ ಬಂದಿಲ್ಲ? ಅದಕ್ಕಿಂತ, ರಾತ್ರಿ ಎರಡು ಗಂಟೆಗೆ ಸೊಸೆ ನೋವಿನಿಂದ ಎದ್ದು ಕೂರುವುದು, ಅತ್ತೆ "ನಾಟಕ" ಅನ್ನುವುದು, ಮೈದುನ ಮೊಬೈಲ್ ಬೆಳಕಲ್ಲಿ ಬೆರಳು ನೋಡಿ ಕಾರಿನ ಕೀ ಹುಡುಕುವುದು ಎಷ್ಟು ಬಿಗಿಯಾದ ದೃಶ್ಯ! ಅದನ್ನು ನೋಡಿದ ಮನೆಯವರು ನಾಳೆ ತಮ್ಮ ಮಗುವಿನ ಬೆರಳನ್ನೂ ನೋಡುತ್ತಾರೆ.

ಜೋಳಿಗೆ ಹೇಗಿರಬೇಕು?

ಅಂಗೈ ಮೊಣಕೈಗಿಂತ ಸ್ವಲ್ಪ ಮೇಲಿರಬೇಕು. ಧಾರಾವಾಹಿಯಲ್ಲಿ ಹೊಟ್ಟೆ ಕೆಳಗೆ ಜೋತಾಡುತ್ತಿರುತ್ತದೆ. ಹಾಗಾದರೆ ಊತವೆಲ್ಲ ಬೆರಳಿಗೆ ಇಳಿಯುತ್ತದೆ. ಮಲಗುವಾಗ ಕೈಯನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ ಇಡಬೇಕು, ಮೊದಲ ಎರಡು ಮೂರು ದಿನವಂತೂ ಖಂಡಿತ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ನೀಲಿ ಆರ್ಮ್ ಪೌಚ್ ಹಾಕಿಕೊಂಡರೂ ಬೆಲ್ಟ್ ಎಳೆದು ಎತ್ತರ ಸರಿ ಮಾಡಿಕೊಳ್ಳಬೇಕು.

ಕೈ ಮುರಿತಕ್ಕೆ ಆಪರೇಷನ್ ಬೇಕಾಗುತ್ತದಾ? ಧಾರಾವಾಹಿಯಲ್ಲಿ ಬರೀ ತಲೆಗೆ, ಹೃದಯಕ್ಕೆ ಮಾಡುತ್ತಾರೆ.

ಬೇಕಾಗುತ್ತದೆ. ದೊಡ್ಡವರಲ್ಲಿ ಮುಂಗೈಯ ಎರಡೂ ಮೂಳೆ ಮುರಿದರೆ ಸಾಮಾನ್ಯವಾಗಿ ಪ್ಲೇಟು, ಸ್ಕ್ರೂ ಹಾಕಿ ಜೋಡಿಸುತ್ತಾರೆ. ಊರ ಕಡೆ ಎಲ್ಲಕ್ಕೂ "ರಾಡ್ ಹಾಕಿದ್ದಾರೆ" ಅನ್ನುತ್ತಾರೆ. ಈ ಎರಡು ಮೂಳೆ ಒಂದರ ಸುತ್ತ ಒಂದು ತಿರುಗುವುದರಿಂದಲೇ ನಾವು ಅಂಗೈಯನ್ನು ಮೇಲೆ ಕೆಳಗೆ ಮಾಡುತ್ತೇವೆ. ಸ್ವಲ್ಪ ಸೊಟ್ಟ ಕೂಡಿದರೂ ಆ ತಿರುಗುವಿಕೆ ಹೋಗುತ್ತದೆ. ಆರತಿ ತಗೊಳ್ಳೋಕೆ, ತೀರ್ಥಕ್ಕೆ ಕೈ ಒಡ್ಡೋಕೆ, ಬಾಗಿಲ ಚಿಲಕ ತಿರುಗಿಸೋಕೆ ಕಷ್ಟ ಆಗುತ್ತದೆ.

ಎಷ್ಟೋ ಆಪರೇಷನ್‌ಗಳಲ್ಲಿ ಕೈ ಮಾತ್ರ ಮರಗಟ್ಟಿಸುತ್ತಾರೆ, ರೋಗಿ ಎಚ್ಚರ ಇರುತ್ತಾರೆ. ಥಿಯೇಟರಿನೊಳಗೆ ಮಾತಾಡುತ್ತಾ ಮಲಗಿರುತ್ತಾರೆ ಅಂದರೆ ಕಥೆಗೆ ಎಷ್ಟು ಅವಕಾಶ! ಒಂದು ಎಚ್ಚರಿಕೆ. ಆಪರೇಷನ್ ಮುಂಚೆ ದೇವಸ್ಥಾನದ ಪ್ರಸಾದ ತಿನ್ನಿಸುವ ದೃಶ್ಯ ತುಂಬಾ ಬರುತ್ತದೆ. ಸಾಮಾನ್ಯವಾಗಿ ಗಟ್ಟಿ ಆಹಾರ ಆರು ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರು ಎರಡು ಗಂಟೆ ಮೊದಲು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಪ್ರಸಾದವನ್ನು ಹಣೆಗೆ ಒತ್ತಿ ದಿಂಬಿನ ಪಕ್ಕ ಇಡಿಸಿ, ಭಕ್ತಿಯೂ ಉಳಿಯುತ್ತದೆ.

ಚರ್ಮ ಸೀಳಿ ರಕ್ತ ಬರುತ್ತಿದ್ದರೆ?

ಅದು ಬೇರೆಯೇ ಲೆಕ್ಕ. ಮುರಿತದ ಮೇಲೆ ಗಾಯ ಇದ್ದರೆ ಸೋಂಕು ಮೂಳೆಗೇ ಇಳಿಯಬಹುದು. ಶುದ್ಧ ಬಟ್ಟೆ ಮುಚ್ಚಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆಂಟಿಬಯಾಟಿಕ್ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಟಿಟಿ ಇಂಜೆಕ್ಷನ್ ಬೇಕಾಗಬಹುದು, ಥಿಯೇಟರಿನಲ್ಲಿ ತೊಳೆಯಬೇಕು. ಅರಿಶಿನ, ಕಾಫಿಪುಡಿ ಮೆತ್ತುವ ಅಜ್ಜಿ ಪಾತ್ರ ಎಷ್ಟು ಪ್ರೀತಿಯದಾದರೂ ಇಲ್ಲಿ ಬೇಡ.

ಎಂಟು ದಿನಕ್ಕೆ ಕಟ್ಟು ಬಿಚ್ಚುವುದು ಸಾಧ್ಯವೇ ಇಲ್ಲವಾ?

ಇಲ್ಲ. ಚಿಕ್ಕ ಮಕ್ಕಳಿಗೂ ಮೂರು ನಾಲ್ಕು ವಾರ ಬೇಕು. ದೊಡ್ಡವರ ಮಣಿಕಟ್ಟಿಗೆ ಸುಮಾರು ಆರು ವಾರ. ಮುಂಗೈ ನಡುವಿನ ಮೂಳೆ ಗಟ್ಟಿಯಾಗೋಕೆ ಮೂರು ತಿಂಗಳು ಹಿಡಿಯುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ವಾರದಲ್ಲಿ ಮೆತ್ತನೆ ಗಂಟು ಕೂಡುತ್ತದೆ, ಆಮೇಲೆ ಅದಕ್ಕೆ ಸುಣ್ಣದಂಶ ತುಂಬಿ ಗಟ್ಟಿಯಾಗುತ್ತದೆ. ಮೂಳೆ ತನ್ನ ಹಳೇ ಆಕಾರಕ್ಕೆ ಬರಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಇದನ್ನು ಅವಸರ ಮಾಡಿಸುವ ಔಷಧಿ ಇಲ್ಲ. ತಡ ಮಾಡಿಸುವುದು ಮಾತ್ರ ಇದೆ, ಬೀಡಿ ಸಿಗರೇಟು ಅದರಲ್ಲಿ ಮುಖ್ಯ.

ಧಾರಾವಾಹಿಯ ಕಾಲವೇ ಬೇರೆ ರೀತಿ ಓಡುತ್ತದೆ ಅನ್ನುವುದೂ ನಿಜ. ಒಂದು ಮದುವೆ ದಿನವೇ ಮೂರು ವಾರ ಪ್ರಸಾರವಾಗುತ್ತದೆ. ನೋಡುವವರಿಗೆ ಒಂದು ತಿಂಗಳು ಕಟ್ಟು ನೋಡಿ ಸಾಕಾಗಿರುತ್ತದೆ, ಕಥೆಯೊಳಗೆ ನಾಲ್ಕೇ ದಿನ ಆಗಿರುತ್ತದೆ. ಪರಿಹಾರ ಸುಲಭ. "ಆರು ವಾರಗಳ ನಂತರ" ಅಂತ ಪರದೆ ಮೇಲೆ ಒಂದು ಸಾಲು ಹಾಕಿ.

ಮೂಳೆ ಸೂಪು, ರಾಗಿ ಅಂಬಲಿ ಕೊಟ್ಟರೆ ಬೇಗ ಕೂಡುತ್ತದಾ?

ಬೇಗ ಅಂತಿಲ್ಲ. ಆದರೆ ಊಟ ಚೆನ್ನಾಗಿರಬೇಕು. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಹಾಲು, ಮೊಟ್ಟೆ, ಬೇಳೆ ಎಲ್ಲ ಒಳ್ಳೆಯದೇ. ಕಾಲು ಸೂಪು ಕುಡಿಯಲಿ ಬಿಡಿ, ತೊಂದರೆ ಇಲ್ಲ.

ನಾಟಿ ವೈದ್ಯರ ಕಟ್ಟು, ಪುತ್ತೂರು ಕಟ್ಟು ತೋರಿಸಬಹುದಾ?

ನಮ್ಮಲ್ಲಿ ಎಷ್ಟೋ ಮನೆಯವರು ಮೊದಲು ಹೋಗುವುದೇ ಅಲ್ಲಿಗೆ. ಆಂಧ್ರದ ಪುತ್ತೂರಿನ ಹೆಸರಿನ ಬೋರ್ಡು ಬೆಂಗಳೂರಿನ ಎಷ್ಟೋ ರಸ್ತೆಯಲ್ಲಿದೆ. ಜರುಗದ ಸಣ್ಣ ಮುರಿತಕ್ಕೆ ಬಿದಿರು ಪಟ್ಟಿ ಇಟ್ಟು ಕಟ್ಟಿದರೂ ಮೂಳೆ ಕೂಡುತ್ತದೆ, ಏಕೆಂದರೆ ಕೂಡುವುದು ಮೂಳೆಯ ಸ್ವಭಾವ. ಹಾಗಾಗಿಯೇ ಜನರ ನಂಬಿಕೆ ಉಳಿದಿದೆ. ಆ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಎಕ್ಸ್‌ರೇ ಇಲ್ಲದೆ ಬಿಗಿಯಾಗಿ ಕಟ್ಟಿ, ಮೇಲೆ ನಾನು ಹೇಳಿದ ಬೆರಳಿನ ಲಕ್ಷಣ ಕಂಡರೂ "ನೋವು ಇರತ್ತೆ, ತಡ್ಕೋ" ಅಂದಾಗ ಕೈ ಕೊಳೆತು ಕತ್ತರಿಸಬೇಕಾದ ಪ್ರಕರಣಗಳು ನಮ್ಮ ದೇಶದ ಮೂಳೆ ವೈದ್ಯರಿಗೆ ಹೊಸದೇನಲ್ಲ. ಧಾರಾವಾಹಿಯಲ್ಲಿ ನಾಟಿ ವೈದ್ಯರ ಪಾತ್ರ ತರುವುದಾದರೆ, ಅವರೇ ಬೆರಳು ನೋಡಿ "ಇದು ನನ್ನ ಕೈಲಾಗದ್ದು, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಅನ್ನುವಂತೆ ಬರೆಯಿರಿ. ಹಾಗೆ ಹೇಳಿ ಕಳಿಸುವ ಹಿರಿಯರೂ ಇದ್ದಾರೆ.

ಮಗು ಪೇರಲೆ ಮರದಿಂದ ಬಿದ್ದು ಮೊಣಕೈ ಊದಿಕೊಂಡರೆ?

ಇದನ್ನು ಎಣ್ಣೆ ನೀವಿ ಮನೆಯಲ್ಲಿ ಇಟ್ಟುಕೊಳ್ಳುವ ದೃಶ್ಯ ನೋಡಿದರೆ ನನಗೆ ಭಯವಾಗುತ್ತದೆ. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿಯುವುದು ತುಂಬಾ ಸಾಮಾನ್ಯ. ಅಲ್ಲೇ ಮುಂದೆ ಕೈಯ ಮುಖ್ಯ ರಕ್ತನಾಳ ಹೋಗುತ್ತದೆ. ಜರುಗಿದ ಮೂಳೆ ಅದನ್ನು ಒತ್ತಬಹುದು. ಡಾಕ್ಟರ್ ಮೊದಲು ಹಿಡಿದು ನೋಡುವುದು ಮಣಿಕಟ್ಟಿನ ನಾಡಿ. ಜಾಸ್ತಿ ಜರುಗಿದ್ದರೆ ಸಣ್ಣ ತಂತಿ ಹಾಕಿ ಕೂರಿಸುತ್ತಾರೆ, ಕೆಲವು ವಾರದಲ್ಲಿ ಅದನ್ನು ತೆಗೆಯುತ್ತಾರೆ. ನೀವಬೇಡಿ, ಎಳೆಯಬೇಡಿ, ಮೊಣಕೈಯನ್ನು ಬಲವಂತವಾಗಿ ಮಡಚಬೇಡಿ.

ಕಟ್ಟಿನೊಳಗೆ ತುರಿಕೆ ಬಂದರೆ ಸ್ಕೇಲು, ಕಡ್ಡಿ ಹಾಕಿ ಕೆರೆಯುತ್ತಾರಲ್ಲ?

ಹಾಸ್ಯ ದೃಶ್ಯಕ್ಕೆ ಚೆನ್ನಾಗಿದೆ, ಚರ್ಮಕ್ಕೆ ಚೆನ್ನಾಗಿಲ್ಲ. ಒಳಗೆ ಗೀರಾದರೆ ಕಾಣುವುದಿಲ್ಲ, ಕೀವಾಗುತ್ತದೆ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಡಿ.

ಐತಿಹಾಸಿಕ ಧಾರಾವಾಹಿಯಲ್ಲಿ ರಾಜನ ಕೈಗೆ ಬಿಳಿ ಪ್ಲಾಸ್ಟರ್ ಇರಬಹುದಾ?

ಇರಬಾರದು. ಪ್ಲಾಸ್ಟರ್ ಪುಡಿ ಮೆತ್ತಿದ ಬಟ್ಟೆ ಪಟ್ಟಿಯನ್ನು ಬಳಕೆಗೆ ತಂದದ್ದು ಡಚ್ ಸೇನಾ ವೈದ್ಯ ಆಂಟೋನಿಯಸ್ ಮಥೈಸನ್, 1851ರ ಸುಮಾರಿಗೆ. ಎಕ್ಸ್‌ರೇ ಇನ್ನೂ ಆಮೇಲೆ, ಜರ್ಮನಿಯ ವಿಜ್ಞಾನಿ ರಾಂಟ್ಜನ್ ಅದನ್ನು ಕಂಡದ್ದು 1895ರ ನವೆಂಬರಿನಲ್ಲಿ. ಆದರೆ ನಮ್ಮಲ್ಲಿ ತೋರಿಸೋಕೆ ಇದಕ್ಕಿಂತ ಚೆಂದದ್ದು ಇದೆ. ಸುಶ್ರುತ ಸಂಹಿತೆಯಲ್ಲಿ ಮುರಿದ ಮೂಳೆಯನ್ನು ಎಳೆದು, ಒತ್ತಿ, ಜೋಡಿಸಿ, ಅತ್ತಿ, ಅರಳಿ, ಮುತ್ತುಗ, ಆಲದ ತೊಗಟೆ ಅಥವಾ ಬಿದಿರಿನ ಪಟ್ಟಿ ಇಟ್ಟು ಕಟ್ಟುವ ಕ್ರಮ ಇದೆ. ಕಟ್ಟು ತೀರಾ ಸಡಿಲ ಇರಬಾರದು, ತೀರಾ ಬಿಗಿಯೂ ಇರಬಾರದು, ಬಿಗಿಯಾದರೆ ಊತ, ನೋವು ಬರುತ್ತದೆ ಅಂತಲೂ ಅಲ್ಲಿ ಹೇಳಿದೆ. ಕಲಾ ನಿರ್ದೇಶಕರಿಗೆ ತೊಗಟೆ, ಬಿದಿರು ಸಿಗುವುದು ಕಷ್ಟವಲ್ಲ.

ಕಟ್ಟು ಬಿಚ್ಚಿದ ಕೂಡಲೇ ನಾಯಕ ನಾಯಕಿಯನ್ನು ಎತ್ತಿಕೊಳ್ಳುತ್ತಾನೆ. ಆಗುತ್ತದಾ?

ಅವತ್ತು ಅವನಿಗೆ ನೀರಿನ ಬಿಂದಿಗೆ ಎತ್ತೋಕೂ ಆಗುವುದಿಲ್ಲ. ಬಿಚ್ಚುವುದೂ ಕತ್ತರಿಯಿಂದಲ್ಲ, ಸಣ್ಣ ವಿದ್ಯುತ್ ಗರಗಸದಿಂದ. ಶಬ್ದಕ್ಕೆ ಮಕ್ಕಳು ಅಳುತ್ತಾರೆ. ಅದರ ಅಲಗು ಸುತ್ತ ತಿರುಗುವುದಿಲ್ಲ, ಇದ್ದಲ್ಲೇ ಅತ್ತಿತ್ತ ಅದುರುತ್ತದೆ. ಗಟ್ಟಿ ಪ್ಲಾಸ್ಟರ್ ಸೀಳುತ್ತದೆ, ಮೆತ್ತನೆ ಚರ್ಮ ಅದರ ಜೊತೆ ಅಲ್ಲಾಡುವುದರಿಂದ ಸಾಮಾನ್ಯವಾಗಿ ಕೊಯ್ಯುವುದಿಲ್ಲ. ಒಂದೇ ಕಡೆ ಹೆಚ್ಚು ಹೊತ್ತು ಇಟ್ಟರೆ ಬಿಸಿಯಾಗಿ ಸುಡಬಹುದು, ಹಾಗಾಗಿ ಎತ್ತಿ ಎತ್ತಿ ಇಡುತ್ತಾರೆ.

ಒಳಗಿನಿಂದ ಬರುವ ಕೈ ನೋಡಿ ಮನೆಯವರು ಗಾಬರಿಯಾಗುತ್ತಾರೆ. ಸಣಕಲು, ಸಿಪ್ಪೆ ಸಿಪ್ಪೆ ಏಳುವ ಚರ್ಮ, ಮುಂಚಿಗಿಂತ ಜಾಸ್ತಿ ರೋಮ, ವಾಸನೆ. ಇದೆಲ್ಲ ಸಹಜ. ಮಣಿಕಟ್ಟು, ಮೊಣಕೈ ಬಿಗಿದಿರುತ್ತವೆ. ಬಾಯಿಗೆ ತುತ್ತು ತರುವಷ್ಟು ಮೊಣಕೈ ಮಡಚಲು, ಜಡೆ ಹೆಣೆಯುವಷ್ಟು ಕೈ ಹಿಂದೆ ಹೋಗಲು ವಾರಗಟ್ಟಲೆ ವ್ಯಾಯಾಮ ಬೇಕು. ಆ ವ್ಯಾಯಾಮವನ್ನು ರೋಗಿಯೇ ಮಾಡಬೇಕು, ಬೇರೆಯವರು ಜೋರಾಗಿ ಎಳೆದರೆ ಮೊಣಕೈ ಇನ್ನೂ ಬಿಗಿಯುತ್ತದೆ. ರಟ್ಟೆ ಮುರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂಳೆಗೆ ಅಂಟಿಕೊಂಡು ಹೋಗುವ ನರಕ್ಕೂ ಪೆಟ್ಟಾಗಿ ಅಂಗೈ ಜೋತುಬೀಳುತ್ತದೆ, ಮೇಲೆ ಎತ್ತೋಕೆ ಬರುವುದಿಲ್ಲ. ಬಹುಪಾಲು ಜನರಿಗೆ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆ ತಿಂಗಳುಗಳು ಯಾವ ಧಾರಾವಾಹಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ದೊಡ್ಡ ಬಜೆಟ್ ಇಲ್ಲದ ತಂಡ ಇದನ್ನೆಲ್ಲ ಹೇಗೆ ಸರಿ ಮಾಡಬಹುದು?

ದುಡ್ಡಿನ ಕೆಲಸ ಇದರಲ್ಲಿ ಕಡಿಮೆ. ಮೊದಲು ಯಾವ ಕೈ, ಯಾವ ಮೂಳೆ ಅಂತ ನಿರ್ಧರಿಸಿ, ದೃಶ್ಯದಿಂದ ದೃಶ್ಯಕ್ಕೆ ಎಲ್ಲ ಒಂದೇ ಥರ ಇರಲಿ ಅಂತ ಬರೆದಿಡುವ ಕಂಟಿನ್ಯುಟಿ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಕಟ್ಟು ಹಾಕಿಸೋಕೆ ಹತ್ತಿರದ ಆಸ್ಪತ್ರೆಯ ಪ್ಲಾಸ್ಟರ್ ಟೆಕ್ನಿಷಿಯನ್ ಒಬ್ಬರನ್ನು ಅರ್ಧ ದಿನ ಕರೆಸಿ. ಉದ್ದಕ್ಕೆ ಸೀಳಿ ಮತ್ತೆ ಮತ್ತೆ ಹಾಕಿಕೊಳ್ಳುವಂಥ ಫೈಬರ್ ಚಿಪ್ಪನ್ನು ಒಮ್ಮೆ ಮಾಡಿಸಿಕೊಂಡರೆ ಮೇಕಪ್‌ನವರ ಪೆಟ್ಟಿಗೆಯಲ್ಲಿ ಇಡಬಹುದು, ಪ್ರತಿ ದಿನ ಒಂದೇ ರೀತಿ ಕಾಣುತ್ತದೆ. ನಟಿಯ ಆ ಕೈಯ ಬಳೆ, ಉಂಗುರ, ಉಗುರುಬಣ್ಣ ತೆಗೆಸಿ. ಉಗುರುಬಣ್ಣ ಯಾಕೆ ಅಂದರೆ, ಉಗುರಿನ ಬಣ್ಣ ನೋಡಲೇಬೇಕು ಅಂತ ಆಸ್ಪತ್ರೆಯಲ್ಲೂ ತೆಗೆಸುತ್ತಾರೆ. ಡಾಕ್ಟರ್ ಪಾತ್ರಧಾರಿಗೆ ಒಂದೇ ಸಾಲು ಜಾಸ್ತಿ ಕೊಡಿ: "ರಾತ್ರಿ ನೋವು ಜಾಸ್ತಿಯಾದ್ರೆ, ಬೆರಳು ಜೋಮು ಹಿಡಿದ್ರೆ, ಬೆಳಗಾಗೋವರೆಗೂ ಕಾಯಬೇಡಿ, ತಕ್ಷಣ ಕರ್ಕೊಂಡು ಬನ್ನಿ." ಹೇಳೋಕೆ ಹತ್ತು ಸೆಕೆಂಡು ಸಾಕು.